ಎತ್ತರದ ಸವಾರರಿಗೆ ಎತ್ತರದ ಹ್ಯಾಂಡಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಆರಡಿ ದಾಟಿದವರು ಷೋರೂಮಿನಲ್ಲಿ ಬೈಕ್ ಹತ್ತಿ ಐದು ನಿಮಿಷ ಕೂತರೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ತೊಂದರೆ ಗೊತ್ತಾಗುವುದು ಬೆಂಗಳೂರು ಬಿಟ್ಟು ತುಮಕೂರು, ಶಿರಾ ದಾಟಿ ಹಿರಿಯೂರು ಹತ್ತಿರವಾದಾಗ. ಭುಜ ಬಿಗಿದುಕೊಂಡಿರುತ್ತದೆ, ಅಂಗೈ ಉರಿಯುತ್ತಿರುತ್ತದೆ, ಸೊಂಟ ಇಳಿದು ನಿಲ್ಲು ಎನ್ನುತ್ತಿರುತ್ತದೆ. ಆಗ ಎಲ್ಲರಿಗೂ ಹೊಳೆಯುವ ಪರಿಹಾರ ಒಂದೇ: ಹ್ಯಾಂಡಲ್ ಎತ್ತರಿಸೋಣ. ಕೆಲವರಿಗೆ ಅದೇ ಸರಿಯಾದ ಪರಿಹಾರ. ಕೆಲವರಿಗೆ ದುಡ್ಡು ಹೋಗುತ್ತದೆ, ನೋವು ಹಾಗೇ ಉಳಿಯುತ್ತದೆ. ನೀವು ಯಾವ ಸಾಲಿನವರು ಎಂದು ಕೊಳ್ಳುವ ಮೊದಲೇ ತಿಳಿದುಕೊಳ್ಳಲು ಈ ಪ್ರಶ್ನೋತ್ತರ.

ನಾನು ಆರಡಿ ಎರಡಿಂಚು ಇದ್ದೇನೆ. ಎತ್ತರದ ಹ್ಯಾಂಡಲ್ ಹಾಕಿಸಲೇಬೇಕಾ?

ನಿಮ್ಮ ಎತ್ತರ ದೇಹದ ಯಾವ ಭಾಗದಲ್ಲಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಆರಡಿ ಎರಡಿಂಚಿನ ಇಬ್ಬರನ್ನು ಕುರ್ಚಿಯಲ್ಲಿ ಅಕ್ಕಪಕ್ಕ ಕೂರಿಸಿ ನೋಡಿ. ಒಬ್ಬರ ತಲೆ ಇನ್ನೊಬ್ಬರಿಗಿಂತ ಮೂರು ನಾಲ್ಕು ಇಂಚು ಮೇಲಿರಬಹುದು. ನಿಂತಾಗ ಸಮ, ಕೂತಾಗ ಅಲ್ಲ. ಮೊದಲನೆಯವರಿಗೆ ಮುಂಡ ಉದ್ದ, ಎರಡನೆಯವರಿಗೆ ಕಾಲು ಉದ್ದ.

ಮುಂಡ ಉದ್ದವಿದ್ದವರಿಗೆ ಹ್ಯಾಂಡಲ್ ನಿಜವಾಗಿಯೂ ತಗ್ಗಿನಲ್ಲಿರುತ್ತದೆ. ಅವರು ಬೆನ್ನು ಗೂನು ಮಾಡಿ ಕೈ ಕೆಳಗೆ ಚಾಚುತ್ತಾರೆ. ಅವರಿಗೆ ಎತ್ತರದ ಹ್ಯಾಂಡಲ್ ಕೆಲಸ ಮಾಡುತ್ತದೆ. ಕಾಲು ಉದ್ದವಿದ್ದವರ ತೊಂದರೆ ಸೀಟಿಗೂ ಫುಟ್‌ರೆಸ್ಟಿಗೂ ನಡುವೆ ಜಾಗ ಸಾಲದಿರುವುದು. ಮಂಡಿ ಅತಿಯಾಗಿ ಮಡಚಿ, ಸೊಂಟ ಹಿಂದಕ್ಕೆ ಜಾರಿ, ಬೆನ್ನು ತಾನಾಗಿಯೇ ಬಾಗುತ್ತದೆ. ನೋವು ಭುಜದಲ್ಲಿ ಕಾಣಿಸಿಕೊಂಡರೂ ಅದರ ಬೇರು ಮಂಡಿಯಲ್ಲಿ. ಇವರು ಎಂಥ ಹ್ಯಾಂಡಲ್ ಹಾಕಿಸಿದರೂ ಪೂರ್ತಿ ಸರಿಹೋಗುವುದಿಲ್ಲ.

ಹಾಗಾದರೆ ಮೊದಲು ಏನು ಮಾಡಿಸಲಿ?

ಸೀಟು, ಆಮೇಲೆ ಫುಟ್‌ರೆಸ್ಟ್, ಕೊನೆಗೆ ಹ್ಯಾಂಡಲ್. ಈ ಕ್ರಮ ತಪ್ಪಿಸಬೇಡಿ.

ಇದಕ್ಕೆ ಲೆಕ್ಕದ ಕಾರಣವಿದೆ. ಸೀಟಿಗೆ ಒಂದಿಂಚು ಫೋಮ್ ಸೇರಿಸಿದರೆ ನೀವು ಒಂದಿಂಚು ಮೇಲೆ ಹೋದಿರಿ, ಹ್ಯಾಂಡಲ್ ನಿಮ್ಮ ಪಾಲಿಗೆ ಒಂದಿಂಚು ಕೆಳಗೆ ಹೋಯಿತು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಸೀಟು 825 ಮಿ.ಮೀ. ಎತ್ತರದಲ್ಲಿರುತ್ತದೆ, ಅದನ್ನು 845ಕ್ಕೆ ಏರಿಸುವ ಅನುಕೂಲವನ್ನು ಕಂಪನಿಯೇ ಕೊಟ್ಟಿದೆ. 825ರಲ್ಲಿ ಕೂತು ಹ್ಯಾಂಡಲ್ ಅಳತೆ ತೆಗೆದುಕೊಂಡು, ರೈಸರ್ (ಹ್ಯಾಂಡಲ್ ಎತ್ತರಿಸುವ ತುಂಡು) ಹಾಕಿಸಿ, ಮುಂದಿನ ತಿಂಗಳು ಸೀಟನ್ನು 845ಕ್ಕೆ ಏರಿಸಿದರೆ ಹಾಕಿಸಿದ ರೈಸರ್‌ನಲ್ಲಿ 20 ಮಿ.ಮೀ. ಲಾಭ ಅಲ್ಲಿಗೇ ಹೋಯಿತು. ಸೀಟಿನ ಎತ್ತರ ಮೊದಲು ಖಾಯಂ ಆಗಲಿ. ಕುಶನ್ ಕೆಲಸದವರ ಹತ್ತಿರ ಫೋಮ್ ಬದಲಾಯಿಸುವಾಗ ಸೀಟಿನ ಮುಂದಿನ ಇಳಿಜಾರನ್ನೂ ಸ್ವಲ್ಪ ಮಟ್ಟಮಾಡಿಸಿ. ಟ್ಯಾಂಕಿನ ಕಡೆಗೆ ಜಾರುವುದು ನಿಂತರೆ ಕೈ ಮೇಲಿನ ಭಾರ ಅರ್ಧ ಇಳಿದಂತೆ.

ಹ್ಯಾಂಡಲ್ಲೂ ಫುಟ್‌ರೆಸ್ಟೂ ಸೇರಿ ಕೂರುವ ಭಂಗಿಯನ್ನು ಎಷ್ಟು ಬದಲಾಯಿಸುತ್ತವೆ ಎಂದು ಕಣ್ಣಾರೆ ನೋಡಬೇಕಾದರೆ ರಾಯಲ್ ಎನ್‌ಫೀಲ್ಡ್ ಷೋರೂಮಿಗೆ ಹೋಗಿ ಇಂಟರ್‌ಸೆಪ್ಟರ್ 650 ಮೇಲೆ ಒಮ್ಮೆ, ಕಾಂಟಿನೆಂಟಲ್ ಜಿಟಿ 650 ಮೇಲೆ ಒಮ್ಮೆ ಕೂತುಬನ್ನಿ. ಎರಡೂ 2018ರಲ್ಲಿ ಒಟ್ಟಿಗೇ ಬಂದವು, ಎಂಜಿನ್ ಒಂದೇ. ಒಂದರಲ್ಲಿ ಅಗಲವಾದ ಎತ್ತರದ ಹ್ಯಾಂಡಲ್, ಇನ್ನೊಂದರಲ್ಲಿ ತಗ್ಗಿನ ಕ್ಲಿಪ್-ಆನ್ (ಎಡ ಬಲ ಬೇರೆ ಬೇರೆ ತುಂಡಾಗಿರುವ ಹ್ಯಾಂಡಲ್) ಮತ್ತು ಹಿಂದಕ್ಕೆ ಸರಿದ ಫುಟ್‌ರೆಸ್ಟ್. ಎರಡರ ಮೇಲೂ ಹತ್ತು ಹತ್ತು ನಿಮಿಷ ಕೂತರೆ ನಿಮ್ಮ ಬೆನ್ನಿಗೆ ಯಾವುದು ಒಗ್ಗುತ್ತದೆ ಎಂದು ತಾನೇ ಹೇಳುತ್ತದೆ.

ಖರ್ಚಿಲ್ಲದೆ ಏನಾದರೂ ಮಾಡಬಹುದಾ?

ಖಂಡಿತ, ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಮಾಡಿ. ಹ್ಯಾಂಡಲ್ ಹಿಡಿದಿರುವ ಕ್ಲಾಂಪ್ ಬೋಲ್ಟ್‌ಗಳನ್ನು ಸಡಿಲಿಸಿ ಹ್ಯಾಂಡಲನ್ನು ಸ್ವಲ್ಪವೇ ಮುಂದಕ್ಕೆ ಅಥವಾ ಹಿಂದಕ್ಕೆ ತಿರುಗಿಸಿ ನೋಡಿ. ಕೆಲವೇ ಡಿಗ್ರಿ ತಿರುಗಿಸಿದರೂ ಗ್ರಿಪ್ಪಿನ ಜಾಗ ಬದಲಾಗುತ್ತದೆ. ಅತಿಯಾಗಿ ತಿರುಗಿಸಿದರೆ ಮಾತ್ರ ಗ್ರಿಪ್ಪಿನ ಓರೆ ಕೆಟ್ಟು ಮಣಿಕಟ್ಟು ತಿರುಚಿಕೊಳ್ಳುತ್ತದೆ.

ಆಮೇಲೆ ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ತಿರುಗಿಸಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು. ಸರಾಸರಿ ಎತ್ತರದವರಿಗೆಂದು ಕೂರಿಸಿದ ಲಿವರ್ ಎತ್ತರದವರಿಗೆ ಮೇಲೆದ್ದಂತಾಗುತ್ತದೆ, ಅದನ್ನು ಹಿಡಿಯಲು ಅವರು ಮಣಿಕಟ್ಟು ಮಡಚುತ್ತಾರೆ. ಅಲೆನ್ ಕೀ ಹಿಡಿದು ಅರ್ಧ ಗಂಟೆ ಮಾಡುವ ಈ ಕೆಲಸದಿಂದಲೇ ಅಂಗೈ ಉರಿ ನಿಂತವರಿದ್ದಾರೆ.

ಅಂಗಡಿಯಲ್ಲಿ ರೈಸ್, ಪುಲ್‌ಬ್ಯಾಕ್ ಎಂದೆಲ್ಲಾ ಹೇಳುತ್ತಾರೆ. ಯಾವುದನ್ನು ನೋಡಬೇಕು?

ರೈಸ್ ಎಂದರೆ ಕ್ಲಾಂಪ್ ಹಿಡಿಯುವ ಜಾಗದಿಂದ ಗ್ರಿಪ್ಪಿನ ತುದಿಗೆ ಎಷ್ಟು ಎತ್ತರ ಎಂಬುದು. ಪುಲ್‌ಬ್ಯಾಕ್ ಎಂದರೆ ಗ್ರಿಪ್ ತುದಿ ಸವಾರನ ಕಡೆಗೆ ಎಷ್ಟು ಬಾಗಿ ಬಂದಿದೆ ಎಂಬುದು. ಜೊತೆಗೆ ತುದಿಯಿಂದ ತುದಿಗೆ ಅಗಲ, ಮತ್ತು ಕ್ಲಾಂಪಿನಲ್ಲಿ ಕೂರುವ ಜಾಗದ ದಪ್ಪ.

ಎತ್ತರದವರು ಎಡವುವುದು ಪುಲ್‌ಬ್ಯಾಕ್ ವಿಷಯದಲ್ಲಿ. ಅಂಗಡಿಯಲ್ಲಿ ಸಿಗುವ ಎತ್ತರದ ಹ್ಯಾಂಡಲ್‌ಗಳಲ್ಲಿ ಬಹಳಷ್ಟು ಕ್ರೂಸರ್ ನಮೂನೆಯವು, ಮೇಲೆದ್ದಷ್ಟೇ ಹಿಂದಕ್ಕೂ ಬಾಗಿರುತ್ತವೆ. ಗಿಡ್ಡ ಕೈಯವರಿಗೆ ಅದು ಹಿತ. ಎತ್ತರದವರಿಗೆ ಸಾಮಾನ್ಯವಾಗಿ ಕೈಯೂ ಉದ್ದ, ಹೀಗಾಗಿ ಗ್ರಿಪ್ ಹೊಟ್ಟೆಯ ಹತ್ತಿರ ಬಂದು ಮೊಣಕೈ ಪಕ್ಕೆಗೆ ಒತ್ತಿಕೊಳ್ಳುತ್ತದೆ. ಆಗುಂಬೆಯಂಥ ಘಾಟಿಯ ತಿರುವಿನಲ್ಲಿ ನಿಧಾನವಾಗಿ ಪೂರ್ತಿ ಹ್ಯಾಂಡಲ್ ತಿರುಗಿಸಿದಾಗ ಅದರ ತುದಿ ಮಂಡಿಗೆ ಬಡಿಯುತ್ತದೆ, ತಿರುವಿನ ನಡುವೆ ಸಿಕ್ಕಿಕೊಂಡರೆ ಬೀಳುವುದೇ. ಎತ್ತರ ಹೆಚ್ಚು, ಪುಲ್‌ಬ್ಯಾಕ್ ಕಡಿಮೆ: ಹುಡುಕಬೇಕಾದದ್ದು ಇದು.

ಅಗಲದ ಬಗ್ಗೆ ಒಂದು ಮಾತು. ಅಗಲವಿದ್ದಷ್ಟೂ ತಿರುಗಿಸಲು ಬಲ ಕಡಿಮೆ ಸಾಕು, ಕಚ್ಚಾ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ಆದರೆ ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ದಟ್ಟಣೆಯ ಕಡೆ ಓಡಾಡುವವರು ಎರಡು ಕಾರಿನ ನಡುವೆ ನುಸುಳುವಾಗ ಮೊದಲು ತಾಗುವುದು ಹ್ಯಾಂಡಲ್ ತುದಿ ಎಂಬುದನ್ನು ಮರೆಯಬಾರದು. ಈಗ ಇರುವುದಕ್ಕಿಂತ ಬಹಳ ಅಗಲಕ್ಕೆ ಹೋಗದಿರುವುದು ಒಳ್ಳೆಯದು.

ರೈಸರ್ ಸಾಕಾ, ಪೂರ್ತಿ ಹ್ಯಾಂಡಲ್ಲೇ ಬದಲಾಯಿಸಲಾ?

ರೈಸರ್ ಎಂದರೆ ಹ್ಯಾಂಡಲ್ ಟೀಗೂ (ಹ್ಯಾಂಡಲ್ ಕೂರುವ, ಫೋರ್ಕಿನ ಮೇಲ್ಭಾಗದ ಲೋಹದ ಪಟ್ಟಿ) ಹ್ಯಾಂಡಲ್ಲಿಗೂ ನಡುವೆ ಕೂರಿಸುವ ಲೋಹದ ತುಂಡು. ಹ್ಯಾಂಡಲ್ ಹಳೆಯದೇ ಉಳಿಯುತ್ತದೆ, ಸ್ವಿಚ್ ಬಾಕ್ಸ್ ಬಿಚ್ಚಬೇಕಿಲ್ಲ, ಬೇಡವೆನಿಸಿದರೆ ಅರ್ಧ ಗಂಟೆಯಲ್ಲಿ ತೆಗೆಯಬಹುದು. ಬೇಕಾಗಿರುವುದು ಒಂದು, ಒಂದೂಕಾಲು ಇಂಚು ಮಾತ್ರ ಎಂದಾದರೆ ರೈಸರ್ ಒಳ್ಳೆಯ ಆಯ್ಕೆ.

ಇಲ್ಲೊಂದು ಸೂಕ್ಷ್ಮವಿದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ನೆಟ್ಟಗೆ ನಿಂತಿರುವುದಿಲ್ಲ, ಸುಮಾರು 25 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ನೇರ ರೈಸರ್ ಅದೇ ವಾಲಿಕೆಯಲ್ಲಿ ಮೇಲೇರುತ್ತದೆ. ಹಾಗಾಗಿ 30 ಮಿ.ಮೀ. ರೈಸರ್ ಹಾಕಿದರೆ ಗ್ರಿಪ್ ಸುಮಾರು 27 ಮಿ.ಮೀ. ಮೇಲಕ್ಕೆ, 12ರಿಂದ 13 ಮಿ.ಮೀ. ನಿಮ್ಮ ಕಡೆಗೆ ಬರುತ್ತದೆ. ಉದ್ದ ಕೈಯವರಿಗೆ ಈ ಅರ್ಧ ಇಂಚು ಬೇಡದ ಉಡುಗೊರೆ. ಮುಂದಕ್ಕೆ ಸರಿಸಿ ಕೂರಿಸಬಹುದಾದ ಆಫ್‌ಸೆಟ್ ರೈಸರ್‌ಗಳೂ ಸಿಗುತ್ತವೆ. ಅವುಗಳನ್ನು ಕೇಳಿ ತೆಗೆದುಕೊಳ್ಳಿ.

ಎರಡು ಇಂಚಿಗಿಂತ ಹೆಚ್ಚು ಬೇಕು ಎನ್ನುವವರು ರೈಸರ್ ಮೇಲೆ ರೈಸರ್ ಪೇರಿಸಬೇಡಿ. ಪ್ರತಿ ಜೋಡಣೆಯೂ ಸಡಿಲವಾಗಬಲ್ಲ ಇನ್ನೊಂದು ಜಾಗ. ಅಷ್ಟು ಎತ್ತರಕ್ಕೆ ಹ್ಯಾಂಡಲ್ಲೇ ಬದಲಾಗಲಿ.

ನನಗೆ ಎಷ್ಟು ಇಂಚು ಬೇಕು ಎಂದು ಕಂಡುಹಿಡಿಯುವುದು ಹೇಗೆ?

ಬೇರೆಯವರ ಅಳತೆ ಕೇಳಬೇಡಿ. ಅಷ್ಟೇ ಎತ್ತರದ ಗೆಳೆಯ ಎರಡು ಇಂಚು ಹಾಕಿಸಿದ್ದಾನೆ ಎಂದರೆ ಅದು ಅವನ ಮುಂಡದ, ಅವನ ತೋಳಿನ ಲೆಕ್ಕ.

ಬೈಕನ್ನು ಮಟ್ಟನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಸ್ಟ್ಯಾಂಡ್ ಇಲ್ಲದಿದ್ದರೆ ಒಬ್ಬರು ಹಿಡಿದುಕೊಳ್ಳಲಿ. ಓಡಿಸುವಾಗ ಹಾಕುವ ಜಾಕೆಟ್, ಹೆಲ್ಮೆಟ್, ಶೂ ಹಾಕಿ ಹತ್ತಿ ಕೂತು ಎರಡೂ ಪಾದ ಫುಟ್‌ರೆಸ್ಟಿನ ಮೇಲಿಡಿ. ಹ್ಯಾಂಡಲ್ ಹಿಡಿಯದೆ ಬೆನ್ನನ್ನು ನಿಮಗೆ ಹಿತವಾದ ಹದಕ್ಕೆ ತಂದು, ಕಣ್ಣು ಮುಚ್ಚಿ, ಮೊಣಕೈ ಸ್ವಲ್ಪ ಬಾಗಿಸಿ ಕೈ ಮುಂದಕ್ಕೆ ಎತ್ತಿ. ಕೈ ನಿಂತ ಜಾಗದಲ್ಲಿ ಇಬ್ಬರು ಎರಡೂ ಕಡೆಯಿಂದ ಒಂದು ಕೋಲನ್ನು ಅಡ್ಡ ಹಿಡಿಯಲಿ. ಈಗಿನ ಗ್ರಿಪ್‌ನಿಂದ ಕೋಲಿಗೆ ಮೇಲಕ್ಕೆ ಎಷ್ಟು, ಹಿಂದಕ್ಕೆ ಅಥವಾ ಮುಂದಕ್ಕೆ ಎಷ್ಟು ಎಂದು ಟೇಪಿನಲ್ಲಿ ಅಳೆಯಿರಿ. ಪಕ್ಕದಿಂದ ಒಂದು ಫೋಟೊ ಇರಲಿ.

ಇದನ್ನು ಬೇರೆ ಬೇರೆ ದಿನ ಮಾಡಿ. ಎರಡು ಅಳತೆ ಬಂದರೆ ಸಣ್ಣದನ್ನೇ ಹಿಡಿಯಿರಿ. ಪೂರ್ತಿ ನೆಟ್ಟಗೆ ಕೂರುವಷ್ಟು ಎತ್ತರ ಬೇಡ: ಬೆನ್ನು ಕಂಬದಂತೆ ನಿಂತರೆ ಪ್ರತಿ ಹಂಪಿನ ಪೆಟ್ಟೂ ಬಾಲದ ಮೂಳೆಯಿಂದ ಕುತ್ತಿಗೆವರೆಗೆ ಸೀದಾ ಹತ್ತುತ್ತದೆ. ಸೊಂಟದಿಂದ ತುಸು ಮುಂದಕ್ಕೆ ಬಾಗಿದ್ದರೆ ಅದೇ ಪೆಟ್ಟು ಹಗುರಾಗುತ್ತದೆ.

ಕ್ಲಚ್, ಆಕ್ಸಿಲರೇಟರ್ ಕೇಬಲ್ ಬದಲಾಯಿಸಬೇಕಾ?

ಸಾಮಾನ್ಯವಾಗಿ 20ರಿಂದ 25 ಮಿ.ಮೀ. ರೈಸರ್‌ಗೆ ಕಂಪನಿ ಕೇಬಲ್‌ಗಳೇ ಸಾಲುತ್ತವೆ. ಅದಕ್ಕಿಂತ ಮೇಲೆ ಹೋದರೆ ಕೇಬಲ್ ಹಾದುಹೋಗುವ ದಾರಿ ಬದಲಿಸಬೇಕು, 50 ಮಿ.ಮೀ. ದಾಟಿದರೆ ಉದ್ದದ ಕೇಬಲ್ ಹಾಕಿಸುವುದೇ ಸರಿ. ಬೈಕಿನಿಂದ ಬೈಕಿಗೆ ಇದು ಬದಲಾಗುವುದರಿಂದ ಪರೀಕ್ಷೆ ಮಾಡದೆ ನಂಬಬೇಡಿ.

ಪರೀಕ್ಷೆ ಸರಳ. ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿ ಬಿಡಿ. ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎಂಜಿನ್ನಿನ ಸದ್ದು ಒಂದಿಷ್ಟೂ ಏರಬಾರದು. ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ. ನಿಧಾನವಾಗಿ ಯು-ಟರ್ನ್ ತೆಗೆದುಕೊಳ್ಳುವಾಗ ಬೈಕ್ ತಾನೇ ಮುನ್ನುಗ್ಗುವುದು ಹೀಗೆಯೇ. ಎರಡೂ ಕೊನೆಯಲ್ಲಿ ಕ್ಲಚ್ ಲಿವರ್‌ನಲ್ಲಿ ಸ್ವಲ್ಪ ಸಡಿಲು ಉಳಿದಿದೆಯೇ ಎಂದೂ ನೋಡಿ. ಸಡಿಲು ಇಲ್ಲವಾದರೆ ಕ್ಲಚ್ ಅರ್ಧ ಒತ್ತಿದಂತೆ ಓಡಿ ಪ್ಲೇಟ್ ಸುಡುತ್ತದೆ.

ಕೆಟಿಎಂ 390 ಡ್ಯೂಕ್, ಹಿಮಾಲಯನ್ 450, ಟ್ರಯಂಫ್ ಸ್ಪೀಡ್ 400 ಮುಂತಾದವುಗಳಲ್ಲಿ ಆಕ್ಸಿಲರೇಟರ್ ಕೇಬಲ್ ಇಲ್ಲ, ರೈಡ್-ಬೈ-ವೈರ್, ಅಂದರೆ ಕೈ ತಿರುಗಿಸಿದ್ದು ವಿದ್ಯುತ್ ಸಂಕೇತವಾಗಿ ಎಂಜಿನ್ನಿಗೆ ಹೋಗುತ್ತದೆ. ಅಲ್ಲಿ ಕೇಬಲ್ ಬದಲು ವಿದ್ಯುತ್ ತಂತಿ ಎಳೆದುಕೊಳ್ಳುತ್ತದೆ. ತಂತಿ ಬಿಗಿಯಾಗಿ ನಿಂತರೆ ಇವತ್ತು ಏನೂ ಆಗದಿರಬಹುದು, ಒಳಗೇ ಸವೆದು ಮಳೆಗಾಲದ ನಡುವೆ ಕೈಕೊಡುತ್ತದೆ.

ಮುಂದಿನ ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಹರಿಯುವ ಕೊಳವೆ) ಬಗ್ಗೆ ಏನು?

ಇಡೀ ಕೆಲಸದಲ್ಲಿ ಅತಿ ಎಚ್ಚರ ಬೇಕಾದದ್ದು ಇಲ್ಲಿ. ಪೂರ್ತಿ ತಿರುಗಿಸಿದಾಗಲೂ, ಮುಂದಿನ ಫೋರ್ಕ್ ಪೂರ್ತಿ ಬಿಟ್ಟುಕೊಂಡಾಗಲೂ ಹೋಸ್ ಎಳೆದುಕೊಳ್ಳಬಾರದು. ಬಿಗಿಯಾದರೆ ಉದ್ದದ ಹೋಸ್ ಹಾಕಿಸಿ, ಬೇರೆ ದಾರಿಯಿಲ್ಲ. ಹೋಸಿನ ತುದಿಯನ್ನು ಹಿಡಿದಿಡುವ ಬ್ಯಾಂಜೋ ಬೋಲ್ಟಿನಲ್ಲಿ ಎರಡೂ ಕಡೆ ತಾಮ್ರದ ವಾಷರ್ ಹೊಸದೇ ಇರಲಿ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಗಟ್ಟಿ ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಅವುಗಳಲ್ಲಿ ಲಿವರ್‌ನಿಂದ ಹೊರಟ ಹೋಸ್ ಮೊದಲು ಎಬಿಎಸ್ ಘಟಕಕ್ಕೆ ಹೋಗಿ, ಅಲ್ಲಿಂದ ಚಕ್ರಕ್ಕೆ ಬರುತ್ತದೆ. ಹೋಸ್ ಬಿಚ್ಚಿದರೆ ಒಳಗೆ ಸೇರಿದ ಗಾಳಿಯನ್ನು ಪೂರ್ತಿ ತೆಗೆಯಲು ಅದನ್ನು ಬಲ್ಲ ಮೆಕ್ಯಾನಿಕ್ ಬೇಕು. ಹಳೆಯ ಡ್ರಮ್ ಬ್ರೇಕ್ ಕೆಲಸ ಮಾಡಿದ ಅನುಭವ ಇಲ್ಲಿಗೆ ಸಾಲದು. ಬ್ರೇಕ್ ಆಯಿಲ್ ಟ್ಯಾಂಕಿನ ಮೇಲೆ ಚೆಲ್ಲಿದರೆ ಪೇಂಟ್ ಕಿತ್ತುಬರುತ್ತದೆ, ಬಟ್ಟೆ ಹೊದಿಸಿ ಕೆಲಸ ಮಾಡಲು ಹೇಳಿ. ಕೊನೆಯಲ್ಲಿ ಬ್ರೇಕ್ ಆಯಿಲ್ ಡಬ್ಬಿ ಮಟ್ಟವಾಗಿ ಕೂತಿದೆಯೇ ನೋಡಿಕೊಳ್ಳಿ.

ಯಾವ ದಪ್ಪದ್ದು ಕೊಳ್ಳಬೇಕು?

ನಮ್ಮಲ್ಲಿನ ಹೆಚ್ಚಿನ ಬೈಕುಗಳ ಹ್ಯಾಂಡಲ್ ಪೈಪು 22 ಮಿ.ಮೀ. ಕೆಲವು ಬೈಕುಗಳಲ್ಲಿ ನಡುವೆ 28.6 ಮಿ.ಮೀ. ದಪ್ಪವಿದ್ದು ಗ್ರಿಪ್ ಹತ್ತಿರ 22ಕ್ಕೆ ಸಣ್ಣಗಾಗುವ ಅಲ್ಯುಮಿನಿಯಂ ಹ್ಯಾಂಡಲ್ ಇರುತ್ತದೆ. ಹಾರ್ಲಿಯಂಥ ದೊಡ್ಡ ಕ್ರೂಸರ್‌ಗಳಲ್ಲಿ ಒಂದಿಂಚು, ಅಂದರೆ 25.4. ಕ್ಲಾಂಪಿನ ಅಳತೆಗೂ ಪೈಪಿನ ಅಳತೆಗೂ ಹೊಂದದಿದ್ದರೆ ನಡುವೆ ತಗಡು ಸುತ್ತಿ ಬಿಗಿಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಅಂಥ ಅಂಗಡಿಯಿಂದ ಎದ್ದು ಬನ್ನಿ.

ಸ್ಟೀಲ್ ಒಳ್ಳೆಯದಾ, ಅಲ್ಯುಮಿನಿಯಂ ಒಳ್ಳೆಯದಾ?

ಒಳ್ಳೆಯ ಸ್ಟೀಲ್ ಬಿದ್ದಾಗ ಬಗ್ಗುತ್ತದೆ, ಬಗ್ಗಿದ್ದು ಕಾಣುತ್ತದೆ. ಒಳ್ಳೆಯ ಅಲ್ಯುಮಿನಿಯಂ ಹಗುರ, ಆದರೆ ಒಮ್ಮೆ ಬಗ್ಗಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬಾರದು, ಬಿರುಕು ಬಿಡುತ್ತದೆ. ಎರಡಕ್ಕಿಂತಲೂ ಅಪಾಯದ್ದು ಹೆಸರಿಲ್ಲದ, ಹೊಳೆಯುವ ಪಾಲಿಶ್ ಇರುವ, ಕೈಗೆ ತೆಗೆದುಕೊಂಡರೆ ತೆಳುವೆನಿಸುವ ಹ್ಯಾಂಡಲ್. ಹ್ಯಾಂಡಲ್ ಎತ್ತರವಾದಷ್ಟೂ ಅದರ ಬುಡದ ಮೇಲೆ ಬೀಳುವ ಬಲ ಹೆಚ್ಚು, ಹಾಗಾಗಿ ಉಳಿತಾಯ ಮಾಡುವ ಜಾಗ ಇದಲ್ಲ.

ಸ್ವಿಚ್ ಬಾಕ್ಸ್ ಒಳಗೊಂದು ಸಣ್ಣ ಮೊಳೆ ಇರುತ್ತದೆ, ಅದು ಕಂಪನಿ ಹ್ಯಾಂಡಲ್ಲಿನ ತೂತಿನಲ್ಲಿ ಕೂರುತ್ತದೆ. ಹೊಸದರಲ್ಲಿ ತೂತು ಇರುವುದಿಲ್ಲ. ಸರಿಯಾದ ಜಾಗದಲ್ಲಿ ಸಣ್ಣ ತೂತು ಕೊರೆಯಬಹುದು, ಬಾಗಿದ ಕಡೆ ಮಾತ್ರ ಎಂದೂ ಕೊರೆಯಬಾರದು. ತುದಿಯ ಭಾರಗಳು, ಅಂದರೆ ಬಾರ್ ಎಂಡ್, ಹೊಸ ಹ್ಯಾಂಡಲ್ಲಿನಲ್ಲಿ ಕೂರುತ್ತವೆಯೇ ಎಂದು ಕೊಳ್ಳುವಾಗಲೇ ಕೇಳಿ. ಅವು ಇಲ್ಲದಿದ್ದರೆ ನಡುಕ ನೇರ ಕೈಗೇ ಬರುತ್ತದೆ.

ಇರುವ ಹ್ಯಾಂಡಲ್ಲಿಗೇ ಪೈಪ್ ತುಂಡು ಸೇರಿಸಿ ವೆಲ್ಡಿಂಗ್ ಮಾಡಿಸಬಹುದಾ?

ಬೇಡ. ಎಷ್ಟೇ ಚೆನ್ನಾಗಿ ವೆಲ್ಡಿಂಗ್ ಮಾಡುವವರಾದರೂ ಬೇಡ. ವೆಲ್ಡಿಂಗ್ ಪಕ್ಕದ ಲೋಹ ಕಾದು ಬಲ ಕಳೆದುಕೊಂಡಿರುತ್ತದೆ, ದಿನವೂ ನಡುಗುವ ಜಾಗದಲ್ಲಿ ಅದು ಒಳಗಿಂದೊಳಗೇ ಬಿರಿಯುತ್ತದೆ. ಓಡುವ ಬೈಕಿನ ಹ್ಯಾಂಡಲ್ ಮುರಿದರೆ ಸವಾರನ ಕೈಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ.

ಎತ್ತರಿಸಿದರೆ ಬೈಕ್ ಓಡುವ ರೀತಿ ಬದಲಾಗುತ್ತದಾ?

ಬದಲಾಗುತ್ತದೆ. ನಿಮ್ಮ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರಾಗುತ್ತದೆ. ಊರೊಳಗೆ ಇದು ತಿಳಿಯುವುದೇ ಇಲ್ಲ. ಹೆದ್ದಾರಿಯಲ್ಲಿ, ಅದರಲ್ಲೂ ಹಿಂದೆ ಒಬ್ಬರು ಕೂತು ಜೊತೆಗೆ ಲಗೇಜ್ ಪೆಟ್ಟಿಗೆಯೂ ಇದ್ದರೆ, ಹ್ಯಾಂಡಲ್ ತೇಲಿದಂತೆ ಅನ್ನಿಸಬಹುದು. ಹಾಗಾದರೆ ಟೈರ್ ಗಾಳಿ, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಎರಡನ್ನೂ ಮೊದಲು ನೋಡಿ, ಭಾರವನ್ನು ಮುಂದಕ್ಕೆ ತನ್ನಿ.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ನೆಟ್ಟಗೆ ಕೂತ ಎತ್ತರದ ಎದೆಗೆ ಗಂಟೆಗೆ 90 ಕಿ.ಮೀ. ದಾಟಿದ ಮೇಲೆ ಗಾಳಿ ಒತ್ತುತ್ತದೆ, ಅದನ್ನು ತಡೆಯಲು ಹ್ಯಾಂಡಲನ್ನೇ ಹಿಡಿದು ಜೋತುಬೀಳಬೇಕಾಗುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವಿಡೀ ಓಡಿಸುವವರು ಎತ್ತರವನ್ನು ಕಡಿಮೆಯಲ್ಲೇ ನಿಲ್ಲಿಸಿ, ಒಂದು ವಿಂಡ್‌ಶೀಲ್ಡ್ ಹಾಕಿಸುವುದನ್ನು ಯೋಚಿಸಲಿ.

ಬೆರಳು ಜೋಮು ಹಿಡಿಯುತ್ತದೆ. ಹ್ಯಾಂಡಲ್ ಎತ್ತರಿಸಿದರೆ ಹೋಗುತ್ತದಾ?

ಯಾವ ಬೆರಳು ಎಂದು ಗಮನಿಸಿ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ಅಲ್ನರ್ ನರ ಒತ್ತಿಕೊಳ್ಳುತ್ತಿರಬಹುದು, ಅಂದರೆ ಭಾರ ಕೈ ಮೇಲೆ ಬೀಳುತ್ತಿದೆ. ಎತ್ತರಿಸಿದರೆ ಅನುಕೂಲವಾಗುವ ಸಾಧ್ಯತೆ ಇದೆ. ಹೆಬ್ಬೆರಳಿನಿಂದ ನಡುಬೆರಳವರೆಗೆ ಜೋಮಾದರೆ ಮಣಿಕಟ್ಟು ಮಡಚಿರುವುದನ್ನು ಅನುಮಾನಿಸಿ, ಲಿವರ್ ಓರೆ ಸರಿಮಾಡಿ. ಬೈಕ್ ಇಳಿದು ಗಂಟೆಗಳಾದರೂ ಜೋಮು ಹೋಗದಿದ್ದರೆ ಡಾಕ್ಟರನ್ನು ನೋಡಲು ತಡಮಾಡಬೇಡಿ.

ನಿಂತು ಓಡಿಸುವವರಿಗೆ?

ಎಕ್ಸ್‌ಪಲ್ಸ್, ಹಿಮಾಲಯನ್ ಇಟ್ಟುಕೊಂಡು ಮಲೆನಾಡಿನ ಕಚ್ಚಾ ದಾರಿಗೆ ಇಳಿಯುವ ಎತ್ತರದವರಿಗೆ ಎತ್ತರದ ಹ್ಯಾಂಡಲ್ ಮನಃಪೂರ್ವಕ ಶಿಫಾರಸು. ನಿಂತಾಗ ಸೊಂಟ ಬಗ್ಗಿಸದೆ ಗ್ರಿಪ್ ಸಿಗಬೇಕು. ನಿಂತ ಅಳತೆಯೂ ಕೂತ ಅಳತೆಯೂ ಒಂದೇ ಬರುವುದಿಲ್ಲ. ಹೆಚ್ಚು ಹೊತ್ತು ಯಾವ ಭಂಗಿಯಲ್ಲಿ ಇರುತ್ತೀರೋ ಅದರ ಕಡೆಗೆ ವಾಲಿಸಿ.

ನನ್ನದು ಕ್ಲಿಪ್-ಆನ್ ಇರುವ ಸ್ಪೋರ್ಟ್ಸ್ ಬೈಕ್. ಅದಕ್ಕೆ ಆಗುತ್ತದಾ?

ಸ್ವಲ್ಪ ಮಟ್ಟಿಗೆ. ಎತ್ತರದ ಕ್ಲಿಪ್-ಆನ್ ಸಿಗುವ ಬೈಕುಗಳಿವೆ. ಅದು ಬಿಟ್ಟು ಒಂದೇ ಪೈಪಿನ ಹ್ಯಾಂಡಲ್ ಕೂರಿಸಲು ಹೋದರೆ ಟೀ ಬದಲಿಸಬೇಕು, ಬೈಕಿನ ಮುಂದಿನ ಹೊದಿಕೆಗೆ (ಫೇರಿಂಗ್) ತಾಗುತ್ತದೆ, ಕೇಬಲ್ ಎಲ್ಲ ಹೊಸದಾಗಬೇಕು. ಆರಡಿ ಮೂರಿಂಚಿನವರು ಯಮಹಾ ಆರ್15 ಮೇಲೆ ಒದ್ದಾಡುವ ಬದಲು ಅದೇ 155 ಸಿಸಿ ಎಂಜಿನ್ನಿನ ಎಂಟಿ-15 ಓಡಿಸಿ ನೋಡುವುದು ದುಡ್ಡಿಗೂ ಬೆನ್ನಿಗೂ ಒಳ್ಳೆಯದು.

ಸ್ಕೂಟರ್‌ಗೆ?

ಇಲ್ಲ. ಅದರ ಹ್ಯಾಂಡಲ್ ಬೈಕಿನಂತೆ ಕ್ಲಾಂಪಿನಲ್ಲಿ ಕೂರುವುದಿಲ್ಲ. ಸೀಟು ಎತ್ತರಿಸುವುದೊಂದೇ ದಾರಿ.

ಪೊಲೀಸರು ಹಿಡಿಯುತ್ತಾರಾ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮೂಲದಲ್ಲಿ ಕೊಟ್ಟ ವಿವರಗಳಿಗೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದು ಸೇರಿತು. ಬಣ್ಣ, ಎಂಜಿನ್ ನಂಬರ್ ಆರ್‌ಸಿಯಲ್ಲಿ ನಮೂದಾಗುತ್ತವೆ, ಹ್ಯಾಂಡಲ್ ಎತ್ತರ ನಮೂದಾಗುವುದಿಲ್ಲ. ಹಾಗೆಂದು ಭುಜಕ್ಕಿಂತ ಮೇಲೆ ಕೈ ಹೋಗುವ ಹ್ಯಾಂಡಲ್ ಹಾಕಿಸಿ ವಾದಕ್ಕೆ ನಿಲ್ಲುವುದು ಬೇಡ. ಅದರಿಂದ ತೋಳು ಬೇಗ ಸೋಲುತ್ತದೆ, ತುರ್ತಿನಲ್ಲಿ ತಿರುಗಿಸುವುದೂ ಕಷ್ಟ.

ನಿಮ್ಮ ಬೈಕಿಗೆ ಕಂಪನಿಯೇ ಮಾರುವ ರೈಸರ್ ಅಥವಾ ಹ್ಯಾಂಡಲ್ ಇದ್ದರೆ ಅದನ್ನೇ ತೆಗೆದುಕೊಂಡು ಬಿಲ್ ಇಟ್ಟುಕೊಳ್ಳಿ. ವಿಮಾ ಕಂಪನಿಗೂ ತಿಳಿಸಿ, ವಾರಂಟಿಗೆ ತೊಂದರೆಯಿಲ್ಲ ಎಂದು ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ಪಡೆಯಿರಿ. ಹಳೆಯ ಹ್ಯಾಂಡಲ್ ಎಸೆಯಬೇಡಿ, ಬೈಕ್ ಮಾರುವಾಗ ಬೇಕಾಗುತ್ತದೆ.

ಎಲ್ಲಿ ಕೊಳ್ಳಲಿ, ಯಾರ ಹತ್ತಿರ ಹಾಕಿಸಲಿ?

ಬೆಂಗಳೂರಿನವರಿಗೆ ವಾಹನದ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆ ಇದ್ದೇ ಇದೆ. ಅಲ್ಲಿ ಕೈಗೆ ತೆಗೆದುಕೊಂಡು, ಟೇಪ್ ಹಿಡಿದು ಅಳೆದು ಕೊಳ್ಳಬಹುದು, ಆನ್‌ಲೈನ್ ಚಿತ್ರಕ್ಕಿಂತ ಅದು ಎಷ್ಟೋ ಮೇಲು. ಹಾಕಿಸುವ ಕೆಲಸವನ್ನು ಮಾತ್ರ ಫುಟ್‌ಪಾತಿನಲ್ಲಿ ಮುಗಿಸಬೇಡಿ. ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆಯ ಬಲದಲ್ಲಿ ಬಿಗಿಯುವ ಸ್ಪ್ಯಾನರ್) ಇಟ್ಟುಕೊಂಡಿರುವ ಗ್ಯಾರೇಜಿಗೆ ಹೋಗಿ.

ಹಾಕಿಸಿದ ಮೇಲೆ ಏನೇನು ನೋಡಬೇಕು?

ಕ್ಲಾಂಪಿನ ಮುಂದಿನ ಮತ್ತು ಹಿಂದಿನ ಬೋಲ್ಟ್‌ಗಳನ್ನು ಯಾವ ಕ್ರಮದಲ್ಲಿ, ಎಷ್ಟು ಬಿಗಿಯಬೇಕು ಎಂದು ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. 8 ಮಿ.ಮೀ. ಬೋಲ್ಟ್‌ಗಳಿಗೆ ಅದು ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಆಸುಪಾಸು. ಹೆಚ್ಚು ಬಿಗಿದರೆ ಅಲ್ಯುಮಿನಿಯಂ ಟೀಯಲ್ಲಿ ಬೋಲ್ಟ್ ಕೂರುವ ಥ್ರೆಡ್ ಕಿತ್ತುಬರುತ್ತದೆ.

ಗ್ಯಾರೇಜ್ ಬಿಡುವ ಮೊದಲೇ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟ್ಯಾಂಕಿಗೆ ತಾಗುತ್ತದೆಯೇ, ಬೆರಳು ಸಿಕ್ಕಿಕೊಳ್ಳುತ್ತದೆಯೇ ನೋಡಿ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒಂದೊಂದಾಗಿ ಒತ್ತಿ ನೋಡಿ. ಕನ್ನಡಿಗಳನ್ನು ಹೊಸದಾಗಿ ಹೊಂದಿಸಿ. ಮೊದಲು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ, ಮುಂದಿನ ಬ್ರೇಕ್ ಮೆಲ್ಲನೆ, ಆಮೇಲೆ ಗಟ್ಟಿಯಾಗಿ ಹಿಡಿಯಿರಿ. ಗಟ್ಟಿ ಬ್ರೇಕ್ ಹಿಡಿದಾಗ ಹ್ಯಾಂಡಲ್ ಕೂದಲೆಳೆಯಷ್ಟು ಮುಂದಕ್ಕೆ ಜಾರಿದರೂ ಅಲ್ಲೇ ನಿಲ್ಲಿಸಿ ಬಿಗಿಮಾಡಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಇನ್ನೊಮ್ಮೆ ಪರೀಕ್ಷಿಸಿ.